ಫೆಬ್ರವರಿಯ ಏರುಬಿಸಿಲು: ಹಸಿರು ಬಣ್ಣದ ಮುನ್ಸೂಚನೆಯನ್ನು ನಾವು ಹೇಗೆ ಓದಿಕೊಳ್ಳಬೇಕು?

ನವಲಗುಂದದ ಎರೆಹೊಲದಿಂದ

“ಮುಂದಿನ 5 ದಿನಗಳಲ್ಲಿ ರಾಜ್ಯದ ಒಳನಾಡಿನಲ್ಲಿ ಒಣಹವೆ ಮುಂದುವರಿಯಲಿದ್ದು, ಗರಿಷ್ಠ ಉಷ್ಣಾಂಶದಲ್ಲಿ ಕ್ರಮೇಣ 2ರಿಂದ 3 ಡಿಗ್ರಿ ಸೆಲ್ಸಿಯಸ್ ಏರಿಕೆಯಾಗುವ ಸಂಭವವಿದೆ.” ಮಾಘಮಾಸ ಕಳೆಯುತ್ತ ಬಂದಂತೆ ಹೆಚ್ಚುಕಡಿಮೆ ಇದೇ ಮಾತು ಹವಾಮಾನ ವರದಿಯಲ್ಲಿ ಪ್ರತಿವರ್ಷವೂ ಬಂದೇ ಬರುತ್ತದೆ. ಜೊತೆಗಿರುವ ಜಿಲ್ಲಾವಾರು ನಕ್ಷೆ ಪೂರ್ತಿ ಹಸಿರಾಗಿರುತ್ತದೆ, ಅಂದರೆ ಎಚ್ಚರಿಕೆ ಏನೂ ಇಲ್ಲ. ನಾನು ಈ ಚರ್ಚೆಯನ್ನು ಆರಂಭಿಸುತ್ತಿರುವುದು ಆ ಹಸಿರು ಬಣ್ಣದ ಕುರಿತಾಗಿಯೇ.

ಶಿವರಾತ್ರಿಗೆ ಚಳಿ “ಶಿವ ಶಿವಾ” ಎನ್ನುತ್ತ ಹೊರಟುಹೋಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆದ್ದರಿಂದ ಫೆಬ್ರವರಿಯಲ್ಲಿ ಬಿಸಿಲೇರುವುದು ಹೊಸ ಸಂಗತಿಯಲ್ಲ. ಹೊಸದೇನೆಂದರೆ ಏರಿಕೆಯ ಪ್ರಮಾಣ ಮತ್ತು ಅದು ಬರುವ ಹೊತ್ತು. ಹವಾಮಾನ ಇಲಾಖೆಯ ಲೆಕ್ಕದಂತೆ 2023ರ ಫೆಬ್ರವರಿಯಲ್ಲಿ ದೇಶದ ಸರಾಸರಿ ಗರಿಷ್ಠ ಉಷ್ಣಾಂಶ 29.54 ಡಿಗ್ರಿಯಷ್ಟಿತ್ತು, 1901ರಿಂದ ಅಲ್ಲಿಯವರೆಗೆ ಯಾವ ಫೆಬ್ರವರಿಯಲ್ಲೂ ಹಗಲು ಅಷ್ಟು ಬಿಸಿಯಾಗಿರಲಿಲ್ಲ. ಎರಡೇ ವರ್ಷಗಳ ನಂತರ, 2025ರ ಫೆಬ್ರವರಿಯಲ್ಲಿ, ಹಗಲು ರಾತ್ರಿ ಎರಡನ್ನೂ ಸೇರಿಸಿದ ಸರಾಸರಿ 22.04 ಡಿಗ್ರಿಗೆ ಏರಿ, ವಾಡಿಕೆಗಿಂತ 1.34 ಡಿಗ್ರಿ ಹೆಚ್ಚಾಗಿ, ಅದೂ 1901ರಿಂದೀಚಿನ ದಾಖಲೆಯಾಯಿತು. ಆ ಚಳಿಗಾಲದಲ್ಲಿ ಪೆಸಿಫಿಕ್ ಸಾಗರದಲ್ಲಿ ಲಾ ನಿನಾ ಸ್ಥಿತಿಯಿತ್ತು, ಅಂದರೆ ಸಮಭಾಜಕದ ಬಳಿಯ ಕಡಲ ನೀರು ವಾಡಿಕೆಗಿಂತ ತಣ್ಣಗಿತ್ತು; ಸಾಮಾನ್ಯವಾಗಿ ನಮಗೆ ಚಳಿಯನ್ನು ಹೆಚ್ಚಿಸುವ ಆ ಸ್ಥಿತಿ ದುರ್ಬಲವಾಗಿದ್ದು, ಬಿಸಿಯನ್ನು ತಡೆಯಲಾರದೆ ಹೋಯಿತು.

ಈಗ ನನ್ನ ಹೊಲದ ಮಾತಿಗೆ ಬರುತ್ತೇನೆ. ನವೆಂಬರಿನ ಮಳೆಯಿಂದಾಗಿ ತಡವಾಗಿ ಬಿತ್ತಿದ ಕಡಲೆ ಇನ್ನೂ ಹಸಿರಾಗಿದೆ, ಕಾಯಿ ತುಂಬುವ ಹಂತದಲ್ಲಿದೆ. ಕಡಲೆ ಹೊಲದಲ್ಲಿ ನಸುಕಿನಲ್ಲಿ ನಡೆದವರಿಗೆಲ್ಲ ಗೊತ್ತು, ಇಬ್ಬನಿಯೊಡನೆ ಬೆರೆತ ಎಲೆಯ ಹುಳಿ ತಾಗಿ ಮೀನಗಂಡ ಉರಿಯುತ್ತದೆ. ನಮ್ಮ ತಾಯಿ ರಾತ್ರಿ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಅದನ್ನು ಹಿಂಡಿ ಆ ಹುಳಿಯನ್ನು ಸೀಸೆಯಲ್ಲಿ ಕೂಡಿಸಿಡುತ್ತಿದ್ದರು. ಕಳೆದ ವಾರ ಮೊಮ್ಮಗಳಿಗೆ ತೋರಿಸೋಣವೆಂದು ನಾನೂ ಬಟ್ಟೆ ಹಾಸಿದೆ. ಮೊದಲ ದಿನ ಅರ್ಧ ಲೋಟದಷ್ಟು ಬಂತು, ನಾಲ್ಕನೆಯ ದಿನ ಬಟ್ಟೆ ಹಾಸಿದಂತೆಯೇ ಒಣಗಿತ್ತು. ನಕ್ಷೆ ಎರಡೂ ದಿನ ಹಸಿರಾಗಿಯೇ ಇತ್ತು.

ಹಿಂಗಾರಿ ಬೆಳೆ ನಿಂತಿರುವುದು ಮಳೆಯ ಮೇಲಲ್ಲ. ಎರೆಮಣ್ಣು ಹಿಡಿದಿಟ್ಟುಕೊಂಡ ತೇವ, ರಾತ್ರಿಯ ತಂಪು ಮತ್ತು ಇಬ್ಬನಿಯ ಮೇಲೆ. ಅಂಥ ಬೆಳೆಗೆ 35 ಡಿಗ್ರಿಯ ಫೆಬ್ರವರಿ ಎಂದರೆ ಏನು ಎಂಬುದನ್ನು ಯಾವ ಬಣ್ಣವೂ ಹೇಳುವುದಿಲ್ಲ. ಬೇರೆ ಭಾಗದವರ ಅನುಭವವನ್ನು ತಿಳಿಯುವ ಆಸೆಯಿದೆ, ದಯವಿಟ್ಟು ವಿವರವಾಗಿ ಬರೆಯಿರಿ.

ಕುಮಟಾ ತಾಲ್ಲೂಕಿನ ಅಡಿಕೆ ಬೆಳೆಗಾರ

ಕರಾವಳಿಯ ಕಥೆ ಸ್ವಲ್ಪ ಬೇರೆ. ನಮ್ಮಲ್ಲಿ ಫೆಬ್ರವರಿಗೂ ಬಣ್ಣ ಬಂದದ್ದುಂಟು. 2025ರ ಫೆಬ್ರವರಿ ಕೊನೆಯ ವಾರದಲ್ಲಿ ಕೊಂಕಣ, ಗೋವಾಗಳ ಜೊತೆಗೆ ಕರಾವಳಿ ಕರ್ನಾಟಕಕ್ಕೂ ಬಿಸಿಗಾಳಿಯ ಎಚ್ಚರಿಕೆ ಬಂದಿತ್ತು. ಆ ವರ್ಷದ ಶಿವರಾತ್ರಿ 26ರಂದು. ಚಳಿ ಹೋಗಬೇಕಾದ ದಿನ ಬಿಸಿಗಾಳಿಯೇ ಬಂದಿತು.

ನಮ್ಮಲ್ಲಿ ಇದು ಆಗುವ ರೀತಿಯನ್ನು ಬರೆಯುತ್ತೇನೆ, ಏಕೆಂದರೆ “ಸಮುದ್ರದ ದಂಡೆಯಲ್ಲಿ ಬಿಸಿಗಾಳಿ ಹೇಗೆ?” ಎಂದು ಘಟ್ಟದ ಮೇಲಿನವರು ಕೇಳುತ್ತಿರುತ್ತಾರೆ. ಸಾಮಾನ್ಯವಾಗಿ ಬೆಳಗಿನ ಬಿಸಿಲಿಗೆ ನೆಲ ಕಾದು, ಹತ್ತು ಹನ್ನೊಂದು ಗಂಟೆಯ ಹೊತ್ತಿಗೆ ಕಡಲ ಗಾಳಿ ಒಳಕ್ಕೆ ಬೀಸತೊಡಗಿ ಉಷ್ಣಾಂಶ ಅಲ್ಲಿಗೇ ನಿಲ್ಲುತ್ತದೆ. ಆದರೆ ಕೆಲವು ದಿನ ಮೂಡಣ ಗಾಳಿ ಜೋರಾಗಿರುತ್ತದೆ. ಅದು ಒಳನಾಡಿನ ಒಣಗಾಳಿ. ಘಟ್ಟ ಇಳಿಯುವಾಗ ಮೇಲಿನ ಒತ್ತಡಕ್ಕೆ ಅಮುಕಿಸಿಕೊಂಡು ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿಯಂತೆ ಇನ್ನಷ್ಟು ಕಾಯುತ್ತದೆ. ಆ ಗಾಳಿ ಕಡಲ ಗಾಳಿಯನ್ನು ಮಧ್ಯಾಹ್ನ ಎರಡು ಮೂರು ಗಂಟೆಯವರೆಗೂ ದಂಡೆಯಲ್ಲೇ ತಡೆದು ನಿಲ್ಲಿಸುತ್ತದೆ. ಅಷ್ಟು ಹೊತ್ತಿಗೆ ಉಷ್ಣಾಂಶ 37, 38 ಮುಟ್ಟಿರುತ್ತದೆ. ಆದ್ದರಿಂದ ನಾನು ಮುನ್ಸೂಚನೆಯಲ್ಲಿ ಡಿಗ್ರಿಗಿಂತ ಮೊದಲು ಗಾಳಿಯ ದಿಕ್ಕನ್ನು ನೋಡುತ್ತೇನೆ.

ನಮ್ಮ ಭಾಷೆಯಲ್ಲೂ ಈ ವ್ಯತ್ಯಾಸವಿದೆ. ಸೆಕೆ ಎಂದರೆ ಬೆವರು ಆರದ ಬಿಸಿ, ಏಪ್ರಿಲ್ ಮೇ ತಿಂಗಳಿನದು. ಮೂಡಣ ಗಾಳಿಯ ದಿನ ಬೆವರೇ ಕಾಣುವುದಿಲ್ಲ, ತುಟಿ ಒಡೆಯುತ್ತದೆ. ಅಂಗಳದಲ್ಲಿ ಚಾಲಿ ಅಡಿಕೆ ಒಣಗಿಸುವವರಿಗೆ ಅದು ಒಳ್ಳೆಯ ಹವೆಯೇ ಸರಿ. ಆದರೆ ಅದೇ ದಿನ ತೋಟದ ಸಣ್ಣ ಸಸಿಗಳ ಪಡುವಣ ಬದಿಯ ಎಲೆ ಸುಟ್ಟಂತಾಗುತ್ತದೆ, ಎಳೆಯ ಕಾಂಡದಲ್ಲಿ ಬಿರುಕು ಕಾಣುತ್ತದೆ. ಹಾಳೆ, ಸೋಗೆ ಕಟ್ಟಿ ಮರೆ ಮಾಡುವ ಕೆಲಸವನ್ನು ನಾವು ಹಿಂದೆ ಮಾರ್ಚಿಗೆ ಇಟ್ಟುಕೊಳ್ಳುತ್ತಿದ್ದೆವು, ಈಗ ಜನವರಿಯ ಕೊನೆಗೇ ಮುಗಿಸುತ್ತೇವೆ.

ನಿವೃತ್ತ ಹವಾಮಾನ ವೀಕ್ಷಕ, ಬೆಳಗಾವಿ ಭಾಗ

ನವಲಗುಂದದವರ ಕಳಕಳಿ ಅರ್ಥವಾಗುತ್ತದೆ. ಆದರೆ ಮುನ್ಸೂಚನೆಯ ಭಾಷೆಯನ್ನು ಅದರದೇ ನಿಯಮದಂತೆ ಓದಿದರೆ ಸಾಕಷ್ಟು ಗೊಂದಲ ತಾನಾಗಿ ಕಳೆಯುತ್ತದೆ ಎಂಬುದು ಮೂವತ್ತು ವರ್ಷ ದಿನಕ್ಕೆರಡು ಬಾರಿ ತಾಪಮಾಪಕ ಓದಿದ ನನ್ನ ಅಭಿಪ್ರಾಯ.

ಮೊದಲನೆಯದಾಗಿ, “2ರಿಂದ 3 ಡಿಗ್ರಿ ಏರಿಕೆ” ಎಂಬುದು ಇಂದಿನ ಉಷ್ಣಾಂಶದಿಂದ ಎಷ್ಟು ಏರುತ್ತದೆ ಎಂಬ ಲೆಕ್ಕ, ವಾಡಿಕೆಯಿಂದ ಅಲ್ಲ. ಇಂದು ವಾಡಿಕೆಗಿಂತ 3 ಡಿಗ್ರಿ ಕಡಿಮೆಯಿದ್ದರೆ 3 ಡಿಗ್ರಿ ಏರಿದ ಮೇಲೆ ವಾಡಿಕೆಗೆ ಬಂದು ನಿಂತಂತಾಯಿತು, ಅಷ್ಟೇ. ಇಂದೇ ವಾಡಿಕೆಗಿಂತ 2 ಡಿಗ್ರಿ ಹೆಚ್ಚಿದ್ದರೆ ಮಾತ್ರ ಆ ಸಾಲು ಚಿಂತೆಯ ಸಾಲು. ಆದ್ದರಿಂದ ಅದೇ ವರದಿಯಲ್ಲಿ ಪ್ರತಿ ಕೇಂದ್ರದ ಮುಂದೆ ಕೊಡುವ ವ್ಯತ್ಯಾಸದ ಅಂಕಿಯನ್ನು ಬಿಟ್ಟು ಏರಿಕೆಯ ಸಾಲನ್ನೊಂದನ್ನೇ ಓದಬಾರದು.

ಎರಡನೆಯದಾಗಿ, ವಾಡಿಕೆ ಎಂಬುದೂ ಸ್ಥಿರವಲ್ಲ. ಈಗ ಬಳಸುವುದು 1991ರಿಂದ 2020ರವರೆಗಿನ ಮೂವತ್ತು ವರ್ಷಗಳ ಸರಾಸರಿಯನ್ನು. ಅದಕ್ಕೂ ಮೊದಲು 1981ರಿಂದ 2010ರವರೆಗಿನದನ್ನು ಬಳಸುತ್ತಿದ್ದರು. ಇತ್ತೀಚಿನ ಮೂರು ದಶಕಗಳೇ ಬಿಸಿಯಾಗಿದ್ದರಿಂದ ಹೊಸ ವಾಡಿಕೆಯೂ ಮೇಲೇರಿದೆ. ಹಾಗಾಗಿ “ವಾಡಿಕೆಗಿಂತ 1 ಡಿಗ್ರಿ ಹೆಚ್ಚು” ಎಂದರೆ ನಮ್ಮ ಬಾಲ್ಯದ ಫೆಬ್ರವರಿಗಿಂತ ಅದಕ್ಕೂ ಹೆಚ್ಚು ಎಂದೇ ತಿಳಿಯಬೇಕು.

ಇನ್ನು ಬಿಸಿಗಾಳಿಯ ಎಚ್ಚರಿಕೆ ಯಾವಾಗ ಬರುತ್ತದೆ ಎಂಬ ಮಾತು. ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಬೇಕು, ಗುಡ್ಡಗಾಡಿನಲ್ಲಿ 30. ಆಮೇಲೆ ವಾಡಿಕೆಗಿಂತ 4.5 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿರಬೇಕು. ಕರಾವಳಿಗೆ 37 ಡಿಗ್ರಿ ಮತ್ತು ಅದೇ 4.5ರ ವ್ಯತ್ಯಾಸ. ಒಂದು ಹವಾಮಾನ ಉಪವಿಭಾಗದ ಎರಡು ಕೇಂದ್ರಗಳಲ್ಲಾದರೂ ಎರಡು ದಿನ ಸತತವಾಗಿ ಹೀಗಿದ್ದರೆ ಎರಡನೆಯ ದಿನ ಬಿಸಿಗಾಳಿ ಎಂದು ಘೋಷಿಸುತ್ತಾರೆ. ನಮ್ಮ ರಾಜ್ಯ ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರು ಉಪವಿಭಾಗಗಳಲ್ಲಿದೆ. ಫೆಬ್ರವರಿಯಲ್ಲಿ ಕರಾವಳಿಗೆ ಎಚ್ಚರಿಕೆ ಬಂದು ಒಳನಾಡು ಹಸಿರಾಗಿಯೇ ಉಳಿಯುವುದಕ್ಕೆ ಈ ಲೆಕ್ಕವೇ ಕಾರಣ.

ಈ ಮಿತಿಗಳನ್ನು ಫೆಬ್ರವರಿಗೆಂದು ಇಳಿಸಬೇಕು ಎಂಬ ಬೇಡಿಕೆ ಬಂದರೆ ನಾನು ಒಪ್ಪುವುದಿಲ್ಲ. ಬಿಸಿಗಾಳಿಯ ಎಚ್ಚರಿಕೆ ಇರುವುದು ಮನುಷ್ಯರ ಜೀವ ಉಳಿಸಲು. 35 ಡಿಗ್ರಿಗೂ ಹಳದಿ ಬಣ್ಣ ಹಚ್ಚಿದರೆ ಏಪ್ರಿಲಿನ 42ಕ್ಕೆ ಜನ ತಲೆ ಎತ್ತಿಯೂ ನೋಡುವುದಿಲ್ಲ.

ಯಲಹಂಕದ ಓದುಗ

ಬೆಂಗಳೂರಿನಲ್ಲಿರುವ ನಮಗೆ ಹೊಲವಿಲ್ಲ, ಆದರೂ ಒಂದು ಮಾತು. ನಗರದ ಫೆಬ್ರವರಿ ದಾಖಲೆ 35.9 ಡಿಗ್ರಿ, 2005ರ ಫೆಬ್ರವರಿ 17ರದು. ಪ್ರತಿವರ್ಷ ಪತ್ರಿಕೆಗಳು “ದಾಖಲೆ ಮುರಿಯಿತೇ?” ಎಂದು ಕೇಳುವುದು ಇದೊಂದೇ ಅಂಕಿಯನ್ನು ಹಿಡಿದುಕೊಂಡು. ಮುರಿಯದಿದ್ದರೆ ಸುದ್ದಿ ಅಲ್ಲಿಗೆ ಮುಗಿಯುತ್ತದೆ. ನಮ್ಮ ಅನುಭವದಲ್ಲಿ ಬದಲಾಗಿರುವುದು ರಾತ್ರಿ. ಸಂಕ್ರಾಂತಿ ಕಳೆದು ಮೂರು ವಾರವಾಗುವಷ್ಟರಲ್ಲಿ ಫ್ಯಾನ್ ಹಾಕಿಕೊಂಡು ಮಲಗುತ್ತಿದ್ದೇವೆ. ಕಾಂಕ್ರೀಟ್ ಗೋಡೆ ಹಗಲಿನ ಬಿಸಿಯನ್ನು ಇಟ್ಟುಕೊಂಡು ರಾತ್ರಿ ಬಿಡುತ್ತದೆ. ಕನಿಷ್ಠ ಉಷ್ಣಾಂಶದ ಬಗ್ಗೆ ಯಾರೂ ಏಕೆ ಬರೆಯುವುದಿಲ್ಲ?

ಸಕಲೇಶಪುರ ಕಡೆಯ ಕಾಫಿ ಬೆಳೆಗಾರ್ತಿ

ನಮಗೆ ಫೆಬ್ರವರಿಯ ಕಾವು ಪೂರ್ತಿ ಶತ್ರುವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ದಿನ ಚೆನ್ನಾಗಿ ಕಾವೇರಿದರೆ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಹೂಮಳೆ ಬರಬಹುದು ಎಂದು ಆಕಾಶ ನೋಡುವವರು ನಾವು. ಒಣಗಿ ನಿಂತ ಗಿಡದ ಮೊಗ್ಗಿಗೆ ಒಂದು ಇಂಚಿನಷ್ಟು ನೀರು ಬಿದ್ದರೆ ಎಂಟು ಹತ್ತು ದಿನದಲ್ಲಿ ತೋಟವಿಡೀ ಬೆಳ್ಳಗಾಗುತ್ತದೆ. ತೊಂದರೆ ಬರುವುದು ಕಾವು ಏರಿ, ಮಳೆ ಮಾತ್ರ ಬಾರದಿದ್ದಾಗ. ಅಥವಾ ಇಪ್ಪತ್ತು ಸೆಂಟು ಬಿದ್ದು ನಿಂತುಬಿಟ್ಟಾಗ. (ನಮ್ಮಲ್ಲಿ ಮಳೆಯನ್ನು ಇಂದಿಗೂ ಇಂಚು, ಸೆಂಟುಗಳಲ್ಲಿ ಅಳೆಯುತ್ತೇವೆ, ನೂರು ಸೆಂಟಿಗೆ ಒಂದು ಇಂಚು.) ಅರೆಬರೆ ಮಳೆಗೆ ಎಚ್ಚೆತ್ತ ಮೊಗ್ಗು ಬಿಸಿಲಿಗೆ ಸಿಕ್ಕಿ ಪೂರ್ತಿ ಅರಳದೆ ಕಂದಿಹೋಗುತ್ತದೆ. ಆ ಮೊಗ್ಗಿನಲ್ಲಿ ಮುಂದಿನ ವರ್ಷದ ಫಸಲು ಇತ್ತು.

ರೊಬಸ್ಟಾ ಇರುವವರು ಸ್ಪ್ರಿಂಕ್ಲರ್ ಇಟ್ಟು ಹೂ ಬಿಡಿಸುತ್ತಾರೆ. ಇಲ್ಲೇ ಮುನ್ಸೂಚನೆಯ ನಿಜವಾದ ಬೆಲೆ ಇರುವುದು. ಇಂದು ನೀರು ಕೊಡಲು ಆರಂಭಿಸಿದರೆ, ಒಂದೊಂದು ಬ್ಲಾಕಿಗೂ ಒಂದು ಇಂಚಿಗೆ ಕಡಿಮೆಯಾಗದಂತೆ ಕೊಟ್ಟು ಮುಗಿಸಲು ಹದಿನೈದು ದಿನ ಬೇಕು. ಇಪ್ಪತ್ತು ದಿನ ಕಳೆದ ಮೇಲೆ ಕಾಯಿ ನಿಲ್ಲಲು ಎರಡನೆಯ ನೀರು ಬೇಕು. ಕೆರೆಯಲ್ಲಿ ಎರಡಕ್ಕೂ ಸಾಕಾಗುವಷ್ಟು ನೀರಿದೆಯೇ, ಬಿಸಿಲು ಹೀಗೆಯೇ ಏರಿದರೆ ಎರಡನೆಯ ಸುತ್ತಿನ ಹೊತ್ತಿಗೆ ಎಷ್ಟು ಉಳಿದೀತು ಎಂಬ ಲೆಕ್ಕವನ್ನು ಕೆರೆಯ ಮೆಟ್ಟಿಲು ಎಣಿಸಿಕೊಂಡು ಹಾಕುತ್ತೇವೆ. 2024ರ ಬೇಸಿಗೆಯಲ್ಲಿ ನಮ್ಮ ಲೆಕ್ಕ ತಪ್ಪಿತು. ಹಿಂದಿನ ವರ್ಷದ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾಗಿದ್ದವು, ಮಲೆನಾಡಿನ ಹಳ್ಳಗಳೂ ಬೇಗ ಬತ್ತಿದವು. ಮೊದಲ ನೀರು ಕೊಟ್ಟು ಹೂ ಬಿಡಿಸಿದೆವು, ಎರಡನೆಯದಕ್ಕೆ ಕೆರೆಯ ತಳ ಕಂಡಿತು. ಕಟ್ಟಿದ ಕಾಯಿ ಕರಗಿಹೋಯಿತು.

ಆದ್ದರಿಂದ ಐದು ದಿನದ ಮುನ್ಸೂಚನೆ ನಮಗೆ ಸಾಲದು. ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ಮುನ್ನೋಟವನ್ನು ಕೊಡುತ್ತದೆ. ನಾನು ಅದನ್ನೇ ಹೆಚ್ಚು ನೋಡುತ್ತೇನೆ. ತೀರ ಕರಾರುವಾಕ್ಕಾಗಿರದಿದ್ದರೂ, ಮೂರನೆಯ ನಾಲ್ಕನೆಯ ವಾರವೂ ವಾಡಿಕೆಗಿಂತ ಬಿಸಿ ಎಂದು ತೋರಿಸಿದರೆ ಮೊದಲ ಸುತ್ತಿನಲ್ಲಿ ಎಲ್ಲ ಬ್ಲಾಕಿಗೂ ಕೈಹಾಕುವುದಿಲ್ಲ, ಎರಡು ಸುತ್ತಿಗೂ ನೀರು ಸಾಲುವಷ್ಟನ್ನೇ ಹಿಡಿಯುತ್ತೇನೆ. ಅರೇಬಿಕಾ ಇರುವವರು ಮರಗಸಿಯಲ್ಲಿ, ಅಂದರೆ ನೆರಳಿನ ಮರದ ಕೊಂಬೆ ಸವರುವುದರಲ್ಲಿ, ಕೈ ಹಿಡಿತ ಇಟ್ಟುಕೊಳ್ಳುವುದು ಒಳ್ಳೆಯದು. ನೆರಳು ತೆಳುವಾದ ಕಡೆಯೇ ಬಿಳಿ ಕಾಂಡಕೊರಕ ಹುಳುವಿನ ಕಾಟ ಹೆಚ್ಚು.

ಶ್ರೀನಿವಾಸಪುರದ ಮಾವಿನ ತೋಟದವರು

ನಮ್ಮಲ್ಲಿ ಈ ವಾರ ಕೆಲವು ಮರ ಹೂವಿನಲ್ಲಿವೆ, ಕೆಲವು ಮರಗಳಲ್ಲಿ ಕಡಲೆ ಗಾತ್ರದ ಪಿಂದೆ (ಎಳೆಯ ಮಿಡಿ). ರಾತ್ರಿ ತಂಪು, ಹಗಲು ಬೆಚ್ಚಗೆ, ಬೆಳಿಗ್ಗೆ ಮಂಜು ಇದ್ದರೆ ಬೂದಿರೋಗದ ಭಯ. ಹಾಗಾಗಿ ಬಿಸಿಲೇರಿದರೆ ರೋಗ ತಗ್ಗಿತೆಂದು ಒಂದು ಸಮಾಧಾನ. ಆದರೆ ಒಣಗಾಳಿಯೊಡನೆ ಬಿಸಿಲು ಏರಿದಾಗ ಪಿಂದೆ ಉದುರುವುದನ್ನು ನಿಲ್ಲಿಸುವುದು ಕಷ್ಟ. ಹೂವಿನಲ್ಲಿರುವ ಮರಕ್ಕೆ ಗಾಬರಿಯಿಂದ ನೀರು ಬಿಡಬೇಡಿ. ಪಿಂದೆ ಬಟಾಣಿ ಗಾತ್ರಕ್ಕೆ ಬಂದ ಮೇಲೆ ಬುಡದ ಸುತ್ತ ಒಣ ಎಲೆ ಹೊದಿಸಿ ನೀರು ಕೊಡುವುದು ಸರಿ. ಕೊಳವೆಬಾವಿ ಇರುವವರಿಗೆ ಈ ಮಾತು. ಮಳೆಯಾಶ್ರಿತ ತೋಟದವರಿಗೆ ಹೊದಿಕೆಯೊಂದೇ ಉಳಿದ ದಾರಿ, ಅದೂ ಮಣ್ಣಿನಲ್ಲಿ ತೇವ ಇರುವಾಗಲೇ ಮಾಡಿದರೆ.

ನವಲಗುಂದದ ಎರೆಹೊಲದಿಂದ

ಎಲ್ಲರಿಗೂ ವಂದನೆಗಳು. ವೀಕ್ಷಕರ ಮಾತಿನಿಂದ ನನ್ನ ಒಂದು ತಿಳಿವಳಿಕೆ ತಿದ್ದಿಕೊಂಡಿತು. ಬಿಸಿಗಾಳಿಯ ಮಿತಿಯನ್ನು ಇಳಿಸಬೇಕೆಂಬ ಯೋಚನೆ ನನ್ನ ಮನಸ್ಸಿನಲ್ಲಿ ಇದ್ದದ್ದು ನಿಜ, ಅದನ್ನು ಕೈಬಿಡುತ್ತೇನೆ. ಜನರ ಜೀವಕ್ಕೆಂದು ಇರುವ ಗಂಟೆಯನ್ನು ಬೆಳೆಗೆಂದು ಬಾರಿಸಬಾರದು.

ಆದರೆ ಬೆಳೆಗೆ ಬೇರೆ ಗಂಟೆ ಬೇಡವೇ? ಯಲಹಂಕದವರು ಕೇಳಿದ ಕನಿಷ್ಠ ಉಷ್ಣಾಂಶದ ಪ್ರಶ್ನೆ ಇಲ್ಲಿ ಬಹಳ ಮುಖ್ಯವಾದದ್ದು. ಇಲಾಖೆಯ ನಿಯಮಗಳಲ್ಲಿ “ಬೆಚ್ಚನೆಯ ರಾತ್ರಿ” ಎಂಬುದಕ್ಕೂ ಒಂದು ವ್ಯಾಖ್ಯೆಯಿದೆ: ಕನಿಷ್ಠ ಉಷ್ಣಾಂಶ ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು. ಆದರೆ ಹಗಲಿನ ಉಷ್ಣಾಂಶ 40 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಅದನ್ನು ಪರಿಗಣಿಸುತ್ತಾರೆ. ಅಂದರೆ ಫೆಬ್ರವರಿಯ ರಾತ್ರಿ ಎಷ್ಟೇ ಬೆಚ್ಚಗಾದರೂ ಅದು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಗೋಧಿಗೆ, ಕಡಲೆಗೆ, ಬಿಳಿಜೋಳಕ್ಕೆ ಬೇಕಾದದ್ದು ಆ ರಾತ್ರಿಯ ತಂಪೇ. ಹಗಲಲ್ಲಿ ಗಿಡ ಕೂಡಿಸಿದ ಆಹಾರವನ್ನು ಬೆಚ್ಚನೆಯ ರಾತ್ರಿಯಲ್ಲಿ ತನ್ನ ಉಸಿರಾಟಕ್ಕೇ ಹೆಚ್ಚು ಖರ್ಚು ಮಾಡಿಕೊಳ್ಳುತ್ತದೆ, ಬೇಗ ಹಣ್ಣಾಗುತ್ತದೆ, ಕಾಳು ಸಣ್ಣದಾಗುತ್ತದೆ. ತೇವ ಮುಗಿದ ಹೊಲದಲ್ಲಿ ಮಾಲ್ದಂಡಿ ಜೋಳದ ದಂಟಿಗೆ ಇದ್ದಿಲು ಕೊಳೆರೋಗ ಹತ್ತಿ, ತೆನೆ ಹೊತ್ತುಕೊಂಡೇ ಬೆಳೆ ನೆಲಕ್ಕೆ ಬೀಳುವುದನ್ನು ನಾವೆಲ್ಲ ನೋಡಿದ್ದೇವೆ.

2022ರಲ್ಲಿ ಉತ್ತರ ಭಾರತದ ಗೋಧಿಗೆ ಆದದ್ದನ್ನು ನೆನಪಿಸಿಕೊಳ್ಳಿ. ಆ ಮಾರ್ಚಿನ ಸರಾಸರಿ ಗರಿಷ್ಠ ಉಷ್ಣಾಂಶ 33.10 ಡಿಗ್ರಿ, 122 ವರ್ಷಗಳಲ್ಲೇ ಹೆಚ್ಚಿನದು. ಕಾಳು ತುಂಬುವ ಹೊತ್ತಿಗೆ ಸರಿಯಾಗಿ ಬಂದ ಆ ಬಿಸಿಯಿಂದ ಇಳುವರಿ ಕುಗ್ಗಿ, ಮೇ 13ರಂದು ಕೇಂದ್ರ ಸರ್ಕಾರ ಗೋಧಿ ರಫ್ತನ್ನೇ ನಿಷೇಧಿಸಿತು. ನಮ್ಮಲ್ಲಿ ಕಾಳು ತುಂಬುವುದು ಅಲ್ಲಿಗಿಂತ ಮೊದಲು, ಆದ್ದರಿಂದ ಅಲ್ಲಿಯ ಮಾರ್ಚ್ ನಮಗೆ ಫೆಬ್ರವರಿ.

ಧಾರವಾಡ, ರಾಯಚೂರು, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಗಳಿಂದ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಕೃಷಿ ಹವಾಮಾನ ಸಲಹೆ ಹೊರಡುತ್ತದೆ. ನನ್ನ ಕೋರಿಕೆ ಅವರಲ್ಲಿ: “ಒಣಹವೆ ಇರುವುದರಿಂದ ಅಗತ್ಯಕ್ಕೆ ತಕ್ಕಂತೆ ನೀರು ಕೊಡಿ” ಎಂಬ ಸಾಮಾನ್ಯ ಮಾತಿನ ಬದಲು, ಈ ವಾರದ ರಾತ್ರಿಗಳು ವಾಡಿಕೆಗಿಂತ ಎಷ್ಟು ಬೆಚ್ಚಗಿರಲಿವೆ, ಇಂತಿಂಥ ವಾರದಲ್ಲಿ ಬಿತ್ತಿದ ಕಡಲೆ ಈಗ ಯಾವ ಹಂತದಲ್ಲಿದೆ, ಒಂದು ತೆಳುವಾದ ನೀರು ಕೊಡಲು ಸಾಧ್ಯವಿರುವವರು ಯಾವ ದಿನದೊಳಗೆ ಕೊಟ್ಟರೆ ಪ್ರಯೋಜನ ಎಂಬುದನ್ನು ಬಿತ್ತನೆಯ ದಿನಾಂಕದ ಪ್ರಕಾರ ಬರೆಯಬೇಕು.

ನರಗುಂದ ಕಡೆಯ ಓದುಗಿ

ಇಬ್ಬನಿಯ ವಿಷಯದಲ್ಲಿ ಇನ್ನೊಂದನ್ನು ಸೇರಿಸಬೇಕು. ಕಡಲೆ ಕೀಳುವ ಕೆಲಸಕ್ಕೆ ನಮ್ಮೂರ ಹೆಣ್ಣುಮಕ್ಕಳು ನಸುಕಿನಲ್ಲೇ ಹೋಗುತ್ತಾರೆ, ಏಕೆಂದರೆ ಗಿಡ ಇಬ್ಬನಿಗೆ ಮೆತ್ತಗಿದ್ದಾಗ ಕಾಯಿ ಸಿಡಿಯುವುದಿಲ್ಲ. ಹಿಂದೆ ಒಂಬತ್ತು ಗಂಟೆಯವರೆಗೂ ಕೀಳಬಹುದಿತ್ತು. ಹೋದ ವರ್ಷ ಏಳೂವರೆಗೇ ಗಿಡ ಗರಿಗರಿಯಾಗಿ ಕಾಳು ಉದುರತೊಡಗಿತು. ಕೆಲಸದ ಹೊತ್ತು ಕಡಿಮೆಯಾದರೆ ಅರ್ಧ ದಿನದ ಕೂಲಿ ಎನ್ನುತ್ತಾರೆ. ಐದು ಗಂಟೆಗೆ ಹೊರಡಬೇಕೆಂದರೆ ಮನೆಯ ಅಡುಗೆಗೆ ಮೂರಕ್ಕೆ ಏಳಬೇಕು. ಮುನ್ಸೂಚನೆಯ ಎರಡು ಡಿಗ್ರಿಯಲ್ಲಿ ಇದೂ ಸೇರಿದೆ ಎಂದು ಹೇಳಬೇಕೆನಿಸಿತು.

ನಿವೃತ್ತ ಹವಾಮಾನ ವೀಕ್ಷಕ, ಬೆಳಗಾವಿ ಭಾಗ

ನರಗುಂದದವರು ಬರೆದದ್ದನ್ನು ನಾನು ಯಾವ ವರದಿಯಲ್ಲೂ ಓದಿರಲಿಲ್ಲ. ಬಿತ್ತನೆಯ ದಿನಾಂಕಕ್ಕೆ ತಕ್ಕ ಸಲಹೆಯ ಕೋರಿಕೆಯನ್ನು ನಾನೂ ಬೆಂಬಲಿಸುತ್ತೇನೆ, ಅದಕ್ಕೆ ಬೇಕಾದ ಅಂಕಿಗಳಲ್ಲಿ ಅರ್ಧ ನೀವೇ ಕೊಡಬಲ್ಲಿರಿ.

ಮನೆಯಲ್ಲಿ ಅಳೆಯುವವರಿಗೆ ಕೆಲವು ಮಾತು. ಮೊಬೈಲ್ ತೋರಿಸುವುದು ಗಣಕದ ಅಂದಾಜು, ಕಾರಿನ ಫಲಕ ತೋರಿಸುವುದು ರಸ್ತೆಯ ಕಾವು. ಎರಡನ್ನೂ ವಾಡಿಕೆಯೊಡನೆ ಹೋಲಿಸಬಾರದು. ಗರಿಷ್ಠ ಕನಿಷ್ಠ ಎರಡನ್ನೂ ಹಿಡಿದಿಡುವ ತಾಪಮಾಪಕವನ್ನು ಎದೆಯೆತ್ತರದಲ್ಲಿ, ಬಿಸಿಲು ತಾಗದ, ಗಾಳಿಯಾಡುವ, ತಗಡು, ಗೋಡೆಗಳಿಂದ ದೂರವಿರುವ ಜಾಗದಲ್ಲಿ ತೂಗುಹಾಕಿ. ನಮ್ಮ ಕೇಂದ್ರಗಳಲ್ಲಿ ಬಿಳಿ ಬಣ್ಣದ, ಜಾಲಂದ್ರದ ಮರದ ಪೆಟ್ಟಿಗೆಯೊಳಗೆ ಇಡುತ್ತಿದ್ದೆವು. ಬೆಳಿಗ್ಗೆ ಎಂಟೂವರೆಗೆ ಓದಿ, ಬರೆದು, ಮತ್ತೆ ಹೊಂದಿಸಿಡಿ. ಹೊತ್ತು ಬದಲಿಸಬೇಡಿ. ಪಕ್ಕದಲ್ಲಿ ಇಬ್ಬನಿ ಇತ್ತೇ ಇಲ್ಲವೇ ಎಂದು ಒಂದು ಗುರುತು ಹಾಕಿ.

ಸಕಲೇಶಪುರ ಕಡೆಯ ಕಾಫಿ ಬೆಳೆಗಾರ್ತಿ

ನಮ್ಮ ಮಾವನವರ ಕಾಲದಿಂದಲೂ ಮಳೆ ಪುಸ್ತಕ ಇದೆ, ಒಂದು ದಿನವೂ ತಪ್ಪಿಲ್ಲ. ಈಗ ತೆಗೆದು ನೋಡಿದೆ, ಉಷ್ಣಾಂಶಕ್ಕೆ ಎಲ್ಲೂ ಜಾಗವೇ ಇಲ್ಲ. ಅಂದಿನವರಿಗೆ ಅದು ಬೇಕೆನಿಸಿರಲಿಲ್ಲ. ಬಲಬದಿಯ ಖಾಲಿ ಅಂಚಿನಲ್ಲಿ ಗೆರೆ ಎಳೆದು ಎರಡು ಕಲಂ ಮಾಡಿದ್ದೇನೆ. ಇಂದು ಬೆಳಿಗ್ಗೆಯ ಕನಿಷ್ಠ 17, ಮಳೆ ಸೊನ್ನೆ, ಕೆರೆಯ ಒಂಬತ್ತು ಮೆಟ್ಟಿಲು ಕಾಣುತ್ತಿವೆ. ನಾಳಿದ್ದು ಗುರುವಾರದ ಮುನ್ನೋಟ ನೋಡಿಕೊಂಡು ಮೊದಲ ನೀರಿನ ತೀರ್ಮಾನ.